ಕಡಲ ಹೂವಿಗೆ ಸಿಹಿನೀರು

“ಸಾಬಾಣ ಹಚ್ಚಬ್ಯಾಡ್ರಿ ಬಾಯಾರ, ಬರೇ ನೀರಿಲೆ ಕೈ ತೊಳ್ಕೊಂಡು ಬರ್ರಿ. ಹಣಿ ಮ್ಯಾಲಿನ ಇಬತ್ತಿ ಬೆರಳಿಗೆ ಹತ್ತಿದ್ರ ಅದನ್ನೂ ತೊಳೀರಿ.”

ಎಎಸ್‌ಐ ದ್ರಾಕ್ಷಾಯಣಿ ಇನ್ನೊಮ್ಮೆ ಬಚ್ಚಲಿಗೆ ಹೋಗಿ ಕೈ ತೊಳೆದು ಬಂದರು. ಒರೆಸಿಕೊಳ್ಳದೆ ಗಾಳಿಗೆ ಹಿಡಿದು ನಿಂತರು. ಅಂಬೇವಾಡಿಯ ಆ ಪುಟ್ಟ ಮನೆಯ ಮುಂಗೋಣೆಯಲ್ಲಿ, ಬೇರೆಯವರು ಟಿವಿ ಇಡುವ ಜಾಗದಲ್ಲಿ ಗಾಜಿನ ತೊಟ್ಟಿಯೊಂದಿತ್ತು. ಒಳಗೆ ನೀಲಿ ಬೆಳಕು. ಕಲ್ಲಿನ ಮೇಲೆ ಅಂಗೈಯಗಲದ ಒಂದು ಜೀವ ತನ್ನ ನೂರಾರು ಬೆರಳು ಬಿಚ್ಚಿ ನಿಧಾನಕ್ಕೆ ತೂಗುತ್ತಿತ್ತು.

“ಮುಟ್ಟಿ ನೋಡ್ರಿ. ಕಡಿಯಂಗಿಲ್ಲ.”

ದ್ರಾಕ್ಷಾಯಣಿ ತೋರುಬೆರಳು ಮುಳುಗಿಸಿದರು. ಆ ಜೀವದ ಬೆರಳುಗಳು ತಟ್ಟನೆ ಅಂಟಿಕೊಂಡವು. ಅವರ ತವರಿನ ಕೊಟ್ಟಿಗೆಯಲ್ಲಿ, ಆಗಷ್ಟೇ ಹುಟ್ಟಿದ ಕರು ಬೆರಳು ಚೀಪಿದಾಗ ಹೀಗೇ ಆಗುತ್ತಿತ್ತು. ಅವರು ಮೆಲ್ಲಗೆ ಕೈ ಎಳೆದುಕೊಂಡರು.

“ಜಿಗಟಲೇ ಹಿಡೀತಲ್ರಿ? ಹಂಗಿದ್ರ ಆರಾಮ ಐತಿ ಅಂತ. ಸಾಯೂದಿದ್ರ ಹಿಡೀಯಂಗಿಲ್ಲ. ಅದರ ಬಾಯಿ ನೋಡ್ರಿ, ಬಿಗಿ ಮುಚ್ಚೈತಿ. ಜಡ್ಡಾದ್ರ ಬಾಯಿ ಬಿಟ್ಕೊಂಡು ಕುಂದರತೈತಿ.” ಹಬೀಬಾ ಗಾಜಿನ ಹತ್ತಿರ ಮುಖ ತಂದಳು. “ಇದು ಜೀವಂತ ಐತ್ರಿ. ಅದಕ್ಕ ಹೇಳ್ತೇನಿ, ಇವರೂ ಜೀವಂತ ಅದಾರ.”

ಹಬೀಬಾಳ ಗಂಡ ಸುಭಾನಿ ಕಾಣೆಯಾಗಿ ತಿಂಗಳಾಗುತ್ತ ಬಂದಿತ್ತು. ಕಾಳಿ ಹೊಳೆಯ ದಂಡೆಯಲ್ಲಿ ಅವನ ಸ್ಕೂಟರ್, ಚಪ್ಪಲಿ, ಹರಿದ ಅಂಗಿ ಸಿಕ್ಕಿದ್ದವು. ಮೊಸಳೆ ಎಂದು ಊರು ತೀರ್ಮಾನಿಸಿತ್ತು.

ದ್ರಾಕ್ಷಾಯಣಿ ಮಾತ್ರ ತೀರ್ಮಾನಿಸಿರಲಿಲ್ಲ. ಜೋಯಿಡಾ ರಸ್ತೆಯಲ್ಲಿ ಜೀಪೊಂದು ಕಾಡು ಕಾಯುವವನನ್ನು ಗುದ್ದಿ ಕೊಂದು, ನಿಲ್ಲದೆ ಹೋಗಿತ್ತು. ಆ ಜೀಪು ಬಂಪರ್ ಬದಲಿಸಲು ತನ್ನ ಗ್ಯಾರೇಜಿಗೇ ಬಂದಿತ್ತು, ಓಡಿಸಿದವನು ಯಾರೆಂದು ನಾಳೆ ಬಂದು ಹೇಳುತ್ತೇನೆ ಎಂದು ಸುಭಾನಿ ಅವರಿಗೆ ಫೋನ್ ಮಾಡಿದ್ದ. ಮರುದಿನ ಹೊಳೆ ದಂಡೆಯಲ್ಲಿ ಸ್ಕೂಟರ್ ಸಿಕ್ಕಿತು.

ಇವತ್ತು ಶುಕ್ರವಾರ. ನಮಾಜು ಮುಗಿದ ಮೇಲೆ ಜಮಾತಿನ ಹಿರಿಯರು, ಮನೆತನದ ಹೆಂಗಸರು ಇಲ್ಲಿಗೆ ಬರುವವರಿದ್ದರು. ಗಂಡ ಸತ್ತನೆಂದು ಹಬೀಬಾ ತನ್ನ ಬಾಯಿಂದ ಒಪ್ಪಿದರೆ ಅವಳು ಇದ್ದತ್ ಕೂಡಬೇಕು. ವಿಧವೆಯಾಗಿ, ಬಳೆ ತೆಗೆದಿಟ್ಟು, ನಾಲ್ಕು ತಿಂಗಳು ಹತ್ತು ದಿನ ಈ ಹೊಸ್ತಿಲು ದಾಟದೆ. ಹಿಂದೆಯೂ ಅವರು ಕೇಳಿದ್ದರು. ಅವಳು ತಲೆ ಅಲ್ಲಾಡಿಸಿ ಒಳಗೆ ಎದ್ದು ಹೋಗಿದ್ದಳು. ಇನ್ನೊಮ್ಮೆ ಹಾಗೆ ಎದ್ದು ಹೋಗಲು ಬಿಡುವುದಿಲ್ಲ ಎಂದು ಮೈದುನ ಆರೀಫ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

“ಹೂ ಬದುಕಿದ್ರ ಗಂಡ ಬದುಕ್ಯಾನ ಅಂದ್ರ ಹೆಂಗ ತಂಗಿ?” ದ್ರಾಕ್ಷಾಯಣಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕುಳಿತರು. “ನನಗ ತಿಳಿಯೂ ಹಂಗ ಹೇಳು. ಮೊದಲ, ಇದು ಗಿಡ ಏನು?”

ಹಬೀಬಾ ಬಹಳ ದಿನದ ಮೇಲೆ ನಕ್ಕಳು. “ನಾನೂ ಹಂಗ ಕೇಳಿದ್ದೆ. ಇವರು ಗ್ವಾದಿಂದ ಪ್ಲಾಸ್ಟಿಕ್ ಚೀಲದಾಗ ಇದನ್ನ ಎದಿಗವಚಿಕೊಂಡು ರೈಲಿನ್ಯಾಗ ತಂದಿದ್ರು. ಕ್ಯಾಸಲ್‌ರಾಕ್ ಚಳಿಗೆ ನೀರು ತಣ್ಣಗಾದೀತಂತ ಸ್ವೆಟರ್ ಬಿಚ್ಚಿ ಅದಕ್ಕ ಸುತ್ತಿದ್ರಂತ್ರಿ. ನನಗ ಒಂದಿನಾನೂ ಹಂಗ ಸುತ್ತಲಿಲ್ಲ. ಇದು ಪ್ರಾಣಿ ಅಂತ್ರಿ. ಅನಿಮೋನ್ ಅಂತಾರಂತ. ನಾವು ದರ್ಯಾ ಫೂಲ್ ಅಂತೀವಿ.”

ತಂದಾಗ ಅದು ಬೆಳ್ಳಗಿತ್ತಂತೆ. ಬಿಳಿಯದು ಅಪರೂಪ ಎಂದು ಹೇಳಿ ಅಂಗಡಿಯವನು ಕೊಟ್ಟಿದ್ದ. ನಿಜಕ್ಕೂ ಅದು ಬಣ್ಣ ಕಳೆದುಕೊಂಡು ಸೊರಗಿದ್ದ ಜೀವ. ಸುಭಾನಿ ದಿನವೂ ಬೆಳಕು ಕೊಟ್ಟ, ಸಿಗಡಿಯ ಚೂರು ತಿನ್ನಿಸಿದ, ತಿಂಗಳುಗಟ್ಟಲೆ ಕಾದ. ಕಂದು ಬಣ್ಣ ಮರಳಿತು. ಬೆರಳುಗಳ ತುದಿ ಬೆಂಕಿಕಡ್ಡಿಯ ಮದ್ದಿನಂತೆ ಗುಂಡಗೆ ಉಬ್ಬಿತು. ಕೆಳಗಿನ ದಂಟು ಗಂಟಿಲ್ಲದೆ ನುಣ್ಣಗಿತ್ತು. ಆಗಲೇ ಅವನಿಗೆ ಇದು ಯಾವ ಜಾತಿಯೆಂದು ಗೊತ್ತಾದದ್ದು. ಅವತ್ತು ಅಕ್ಕಪಕ್ಕದವರಿಗೆಲ್ಲ ಶೀರ್ಖುರ್ಮಾ ಹಂಚಿದ್ದನಂತೆ. ಯಾಕೆಂದು ಕೇಳಿದವರಿಗೆ ಹಬೀಬಾ ನಾಚಿಕೆಪಟ್ಟು ಏನೋ ಹೇಳಿದ್ದಳು.

“ಈಗ ಇಲ್ಲಿ ನೋಡ್ರಿ.” ಅವಳು ಗಾಜಿನ ಮೇಲೆ ಅಂಟಿಸಿದ್ದ ಕೆಂಪು ಟೇಪು ತೋರಿಸಿದಳು. “ನೀರು ಇಲ್ಲಿ ತನಕ ಇರಬೇಕು ಅಂತ ಇವರು ಹಚ್ಚಿದ್ದು. ಇವರು ಕಾಣದಂಗಾದ ಮ್ಯಾಲ, ಮನ್ಯಾಗ ಒಬ್ಬಾಕಿನ ಇರಬ್ಯಾಡ ಅಂತ ಮನೆತನದ ಹಿರ್ಯಾರು ನನ್ನನ್ನ ಎರಡು ವಾರ ಹಳಿಯಾಳಕ್ಕ ಅವ್ವನ ಮನಿಗೆ ಕಳಿಸಿದ್ರು. ಹೋಗೂ ಮುಂದ ನೀರು ಟೇಪಿಗಿತ್ತು. ನಿನ್ನಿ ಬಂದೆ, ಟೇಪಿಗೇ ಐತಿ. ಯಾರೂ ಹಾಕದಿದ್ರ ನಾಕು ಬೆರಳು ಇಳೀಬೇಕಿತ್ತು.”

“ಆರೀಫಗ ಹೇಳಿ ಹೋಗಿದ್ದಿಯಲ್ಲ? ಅಂವ ಹಾಕಿರಬೇಕು.”

“ಹಾಕೇನಿ ಅಂತ ಹೇಳ್ಯಾನ. ಆದ್ರ ಹಾಕಿಲ್ರಿ.”

ಅವಳು ಕಪಾಟಿನಿಂದ ಉಪ್ಪು ಅಳೆಯುವ ಗಾಜಿನ ಕಡ್ಡಿ ತೆಗೆದು ನೀರಿಗೆ ಬಿಟ್ಟಳು. ಕಡ್ಡಿ ಕುಣಿದು, ಹಸಿರು ಗೆರೆಯ ಮೇಲೆ ನಿಂತಿತು. ಉಪ್ಪು ಹೆಚ್ಚಾಗಿಲ್ಲ ಎಂಬುದಕ್ಕೆ ಅದೇ ಗುರುತು.

“ಬ್ಯಾಟರ‍್ಯಾಗಿನ ನೀರು ಇಳದ್ರ ಗ್ಯಾರೇಜಿನ್ಯಾಗ ಆಸಿಡ್ ಹಾಕ್ತಾರೇನ್ರಿ? ಇಲ್ಲ. ಆರೂದು ಬರೇ ನೀರು, ಆಸಿಡ್ ಒಳಗ ಉಳೀತೈತಿ. ಅದಕ್ಕ ಬ್ಯಾಟರಿ ನೀರು ಅಂತ ಬ್ಯಾರೆ ಸಿಹಿನೀರು ಹಾಕ್ತಾರ. ಇದೂ ಹಂಗ ಅಂತಿದ್ರು ಇವರು. ಉಪ್ಪು ಆರಂಗಿಲ್ಲ. ಇಳದಷ್ಟಕ್ಕ ಸಿಹಿನೀರ ಹಾಕಬೇಕು. ಸಮುದ್ರದ ನೀರು ಹಾಕಿದ್ರ ಉಪ್ಪಿನ ಮ್ಯಾಲ ಉಪ್ಪು ಬಿದ್ದು ಹೂ ಸಾಯ್ತೈತಿ.”

“ಆರೀಫನೂ ಮೆಕ್ಯಾನಿಕ್ಕ.”

“ಅಂವಗ ತೊಟ್ಟಿ ಅಂದ್ರ ತೊಟ್ಟಿ, ಬ್ಯಾಟರಿ ಅಂದ್ರ ಬ್ಯಾಟರಿ. ಹೋದ ವರ್ಷ ನಾವು ಅಜಮೇರಕ್ಕ ಹೋದಾಗ ಸಮುದ್ರದ ನೀರ ಸುರುವಿದ್ದ. ಬಂದು ನೋಡಿದ್ರ ಹೂ ಮುದ್ದಿ ಆಗಿತ್ತು. ಇವರು ತಮ್ಮಗ ಒಂದು ಮಾತು ಅನ್ನಲಿಲ್ರಿ. ತಪ್ಪು ಆಗೇತಿ ಅಂತನೂ ತಿಳಿಸಿಕೊಡಲಿಲ್ಲ. ತಾವ ಕುಂತು ನೀರು ಬದಲಿ ಮಾಡಿದ್ರು. ಅವನ ಮುಂದ ಹೇಳಬ್ಯಾಡ, ಮನಸಿಗೆ ಹಚ್ಕೋತಾನ ಅಂದ್ರು.”

ದ್ರಾಕ್ಷಾಯಣಿ ಎದ್ದು ಹಿತ್ತಲ ಕಡೆಗೆ ನಡೆದರು. ಅಡುಗೆಮನೆಯ ಮೂಲೆಯಲ್ಲಿ ಎರಡು ಕ್ಯಾನುಗಳಿದ್ದವು. ನೀಲಿಯದರಲ್ಲಿ ಸಮುದ್ರದ ನೀರು. ಮಾರ್ಕೆಟ್ಟಿನಲ್ಲಿ ಮೀನು ಮಾರುವ ಗೋದುಬಾಯಿ ಕಾರವಾರದ ಮೀನಿನ ಗಾಡಿಯಲ್ಲಿ, ಬರ್ಫದ ಪೆಟ್ಟಿಗೆಗಳ ನಡುವೆ ಇರಿಸಿ ತರಿಸಿಕೊಡುತ್ತಿದ್ದದ್ದು. ಅದರ ಮುಚ್ಚಳಕ್ಕೆ ಸುತ್ತಿದ್ದ ಟೇಪು ಹಾಗೇ ಇತ್ತು. ಪಕ್ಕದ ಬಿಳಿ ಕ್ಯಾನು ಬ್ಯಾಟರಿ ನೀರಿನದು. ಎತ್ತಿದರೆ ಹಗುರವಾಗಿ ಕೈಗೆ ಬಂತು.

ಹಿತ್ತಲ ಬಾಗಿಲಿನ ಚಿಲಕವನ್ನು ಅವರು ಎಳೆದು ನೋಡಿದರು. ಪಕ್ಕದ ಕಿಟಕಿಯ ಸರಳಿನ ನಡುವೆ ಕೈ ತೂರಿಸಿದರೆ ಹೊರಗಿನಿಂದಲೂ ಸಿಗುವ ಚಿಲಕ. ಸದ್ದಿಲ್ಲದೆ ಸರಿಯಿತು. ಬೆರಳಿಗೆ ಕರಿ ಗ್ರೀಸು ಹತ್ತಿತು.

“ಇದಕ್ಕ ಯಾವಾಗ ಹಚ್ಚಿದಿ?”

ಹಬೀಬಾ ಬಂದು ನೋಡಿದಳು. ಚಿಲಕವನ್ನು ಹಿಂದಕ್ಕೆ ಎಳೆದಳು, ಮುಂದಕ್ಕೆ ದೂಡಿದಳು, ಮತ್ತೆ ಎಳೆದಳು.

“ಇದು ಕಿರ್ ಅಂತಿತ್ರಿ. ನಾನು ದಿನಾ ಬೈತಿದ್ದೆ. ಊರ ಮಂದಿ ಗಾಡಿ ಚಿಲಕೆಲ್ಲ ಮೆತ್ತಗ ಮಾಡ್ತೀರಿ, ನಿಮ್ಮ ಮನೀದು ಯಾವಾಗ ಅಂತ.” ಅವಳು ಗ್ರೀಸು ಹತ್ತಿದ ಬೆರಳನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿ ನಿಂತುಬಿಟ್ಟಳು.

ದ್ರಾಕ್ಷಾಯಣಿ ಬೇರೆ ಕಡೆ ನೋಡಿದರು.

ಹೊರಗೆ ಬೈಕು ನಿಂತ ಸದ್ದಾಯಿತು.

ಆರೀಫ ಬಿಳಿ ಜುಬ್ಬಾ ತೊಟ್ಟು, ಟೊಪ್ಪಿಗೆ ಕೈಯಲ್ಲಿ ಹಿಡಿದು ಬಂದ. ಅತ್ತರಿನ ವಾಸನೆ ಕೋಣೆ ತುಂಬಿತು. ಇಪ್ಪತ್ತೈದರ ಹುಡುಗ, ಅಣ್ಣನದೇ ಹಣೆ, ಅಣ್ಣನದೇ ಗಿಡ್ಡ ಬೆರಳು. ಪೊಲೀಸಿನವರನ್ನು ಕಂಡು ಬಾಗಿಲಲ್ಲೇ ನಿಂತ.

“ಸಲಾಂ ಬಾಯಾರ. ಇವತ್ತೂ ಬಂದ್ರಿ? ಹೊಳ್ಯಾಗ ಹುಡುಕೂದು ಬಿಟ್ಟು ಮನ್ಯಾಗ ಹುಡುಕಾಕ ಹತ್ತೀರಿ?”

“ನಿಮ್ಮ ಮೀನು ನೋಡಾಕ ಬಂದೆ.”

“ನೋಡ್ರಿ, ನೋಡ್ರಿ. ಭಾಯಿ ನಮಗಿಂತ ಇದನ್ನ ಹೆಚ್ಚು ನೋಡಿದಾ.” ಅವನು ಹಬೀಬಾಳ ಕಡೆ ತಿರುಗಿದ. “ಭಾಭಿ, ನಮಾಜ್ ಮುಗಿದ ಕೂಡ್ಲೆ ಬರ್ತಾರ. ಸಾಯಿಮಾ ಖಾಲಾ ಹೆಂಗಸರನ್ನ ಕರ್ಕೊಂಡು ಬರ್ತಾಳ. ಈ ಸಲ ಎದ್ದು ಹೋಗಬ್ಯಾಡ. ನಾನೂ ಮನುಷ್ಯಾನ ಇದ್ದೇನಿ. ಎಷ್ಟು ದಿನ ಮಂದಿಗೆ ಉತ್ತರ ಕೊಡ್ಲಿ?”

ಹಬೀಬಾ ಓಢಣಿಯ ಅಂಚಿನಿಂದ ತೊಟ್ಟಿಯ ಗಾಜು ಒರೆಸತೊಡಗಿದಳು.

“ಆರೀಫ,” ದ್ರಾಕ್ಷಾಯಣಿ ತೊಟ್ಟಿಯ ಮೇಲೆ ಕಣ್ಣಿಟ್ಟೇ ಕೇಳಿದರು, “ನಿಮ್ಮ ಭಾಭಿ ಊರಾಗಿಲ್ಲದಾಗ ಇದನ್ನ ನೀನ ನೋಡ್ಕೊಂಡಿ?”

“ಮತ್ಯಾರು ನೋಡ್ತಾರ್ರಿ?”

“ನೀರು?”

“ಹಾಕೇನಲ್ರಿ. ಎರಡು ಮೂರು ಸಲ ಬಂದು ಹಾಕಿದೆ.”

“ಯಾವ ನೀರು?”

“ಏನ್ ಕೇಳ್ತೀರಿ ಬಾಯಾರ! ಸಮುದ್ರದ ಮೀನಿಗೆ ಬಾವಿ ನೀರು ಹಾಕ್ತಾರೇನು? ಅಲ್ಲಿ ನೀಲಿ ಕ್ಯಾನು ಐತಲ್ರಿ, ಅದರಾಗಿಂದ.”

ದ್ರಾಕ್ಷಾಯಣಿ ಒಳಗೆ ಹೋಗಿ ನೀಲಿ ಕ್ಯಾನು ಎತ್ತಿ ತಂದು ಅವನ ಮುಂದಿಟ್ಟರು. ತುಂಬಿದ ಕ್ಯಾನು ನೆಲಕ್ಕೆ ತಾಗಿ ದೊಪ್ಪೆಂದಿತು. ಮುಚ್ಚಳದ ಟೇಪು ಬೆಳಕಿಗೆ ಮಿಂಚಿತು.

“ಬ್ಯಾಟರಿ ನೀರು ಇಳದ್ರ ಆಸಿಡ್ ಹಾಕ್ತೀಯೇನು?”

ಆರೀಫ ಟೇಪನ್ನು ನೋಡಿದ. ತೊಟ್ಟಿಯಲ್ಲಿ ಇನ್ನೂ ತೇಲುತ್ತಿದ್ದ ಗಾಜಿನ ಕಡ್ಡಿಯನ್ನು ನೋಡಿದ. ಹಸಿರು ಗೆರೆಯ ಅರ್ಥ ಅವನಿಗೆ ಗೊತ್ತಿರಲಿಲ್ಲ, ಬ್ಯಾಟರಿಯ ಮಾತು ಮಾತ್ರ ಗೊತ್ತಿತ್ತು. ಅವನ ತುಟಿಗಳು ಸ್ವಲ್ಪ ಬಿಚ್ಚಿಕೊಂಡವು.

“ಬಾಯಾರ, ಖರೇ ಹೇಳ್ತೇನಿ. ನಾ ಹಾಕಿಲ್ಲ. ಒಳಗ ಬರಾಕ ಮನಸಾಗಲಿಲ್ಲ. ಭಾಯಿ ಇಲ್ಲದ ಈ ಬೆಳಕು ನೋಡಾಕ ನನ್ನ ಕಡೆ ಆಗೂದಿಲ್ಲ. ಹಾಕೇನಿ ಅಂತ ಭಾಭಿಗೆ ಸುಳ್ಳು ಹೇಳಿದೆ, ಅಷ್ಟ.” ಹೇಳುತ್ತ ಹೇಳುತ್ತ ಅವನ ದನಿ ನಿಧಾನವಾಯಿತು. “ಹಂಗಾರ... ಇದಕ್ಕ ನೀರು ಹಾಕಿದವರು ಯಾರು?”

ತೊಟ್ಟಿಯ ಪಂಪು ಗುಂಯ್ ಎನ್ನುತ್ತಿತ್ತು.

ದ್ರಾಕ್ಷಾಯಣಿಗೆ ತಾನು ಮಾಡಿದ ತಪ್ಪು ಆಗ ತಿಳಿಯಿತು. ಸುಳ್ಳು ಹಿಡಿಯುವ ಭರದಲ್ಲಿ ಅವರು ಆರೀಫನಿಗೆ ಗೊತ್ತಿಲ್ಲದ ಸಂಗತಿಯೊಂದನ್ನು ಅವನ ಕೈಗೇ ಕೊಟ್ಟಿದ್ದರು. ಈ ಮನೆಗೆ ಹೂವಿನ ನೀರು ಬಲ್ಲವನೊಬ್ಬ ಬಂದುಹೋಗಿದ್ದಾನೆ.

“ನಾನು.”

ಹಬೀಬಾಳ ದನಿ ಎಷ್ಟು ಸಾದಾ ಆಗಿತ್ತೆಂದರೆ ಇಬ್ಬರೂ ಬೆಚ್ಚಿ ತಿರುಗಿದರು.

“ನಾನ ಹಾಕಿದ್ದು. ನಡುವ ಒಂದಿನ ಮುಂಜಾನೆ ಬಸ್ಸಿಗೆ ಬಂದು ನೀರು ಹಾಕಿ ಹೊಳ್ಳಿ ಹೋದೆ.”

“ಬಂದಿದ್ಯಾ? ನನಗ ಹೇಳಲಿಲ್ಲಲ್ಲ ಭಾಭಿ?”

“ಹೇಳಿದ್ರ ಬಿಡ್ತಿದ್ಯಾ? ಜೀವದ ಗಂಡ ಹೋದಾನ, ಈಕಿಗೆ ಮೀನಿನ ಚಿಂತಿ ಅಂತ ಬೀದಿಗೆಲ್ಲ ಸಾರತಿದ್ದಿ.”

“ಬಾಗಿಲಾ?”

“ನನ್ನ ಹತ್ರ ಕೀಲಿಕೈ ಇಲ್ಲೇನು? ತಗದೆ, ಬಂದೆ, ಹಾಕ್ಕೊಂಡು ಹೋದೆ.” ಅವಳು ತಲೆಯ ಮೇಲಿನ ಓಢಣಿ ಸರಿಮಾಡಿಕೊಂಡಳು. “ಬಾಯಾರಿಗೂ ಅದನ್ನ ಹೇಳಾಕ ಹತ್ತಿದ್ದೆ. ನೀ ಬಂದಿ.”

ಆರೀಫ ಅವಳ ಮುಖವನ್ನೇ ನೋಡುತ್ತಿದ್ದ.

“ಇನ್ನ ಸಾಕು ಆರೀಫ. ನನಗೂ ದಣಿವಾಗೇತಿ. ಹೋಗು, ಹಿರಿಯರಿಗೆ ಹೇಳು. ನಿಮ್ಮ ಭಾಯಿ ಹೋದ್ರು ಅಂತ ನಾ ಒಪ್ಕೊಂಡೆ. ಇದ್ದತ್ ಕೂಡ್ತೇನಿ.”

ಅವನು ಟೊಪ್ಪಿಗೆ ತಲೆಗಿಟ್ಟುಕೊಂಡು ಹೊರಟ. ಬೈಕು ಚಾಲೂ ಆಗಲು ಸ್ವಲ್ಪ ಹೊತ್ತು ಹಿಡಿಯಿತು.

“ಯಾಕ ತಂಗಿ?” ದ್ರಾಕ್ಷಾಯಣಿ ಬಾಗಿಲು ಮುಂದೆ ಮಾಡಿ ಬಂದರು. “ಮುಂಜಾನಿ ನನ್ನ ಕರೆಸಿದ್ದು ಅಂವ ಜೀವಂತ ಅದಾನ ಅಂತ ಹೇಳಾಕ. ಈಗ ನೀನ ಅವನ್ನ ಮಣ್ಣು ಮಾಡಿದಿ.”

“ನೀವ್ಯಾಕ ಅವನ ಮುಂದ ಕೇಳಿದ್ರಿ?” ಹಬೀಬಾ ಸರಕ್ಕನೆ ಅವರ ಕಡೆ ತಿರುಗಿದಳು. “ನಾನು ನಿಮಗ ಒಬ್ಬರಿಗೇ ಹೇಳಿದ್ದೆಲ್ರಿ.”

ದ್ರಾಕ್ಷಾಯಣಿ ನೀಲಿ ಕ್ಯಾನನ್ನು ಗೋಡೆಯ ಬದಿಗೆ ಸರಿಸಿದರು.

ಹಬೀಬಾ ತೊಟ್ಟಿಯ ಮುಂದೆ ನೆಲದ ಮೇಲೆ ಕುಳಿತಳು. “ಅಣ್ಣ ತಮ್ಮ ಒಂದ ತಾಟಿನ್ಯಾಗ ಉಣ್ಣೂದು ನಮ್ಮ ಮನ್ಯಾಗ ರೂಢಿ. ನಾನು ಈ ಮನಿಗೆ ಬಂದಾಗಿಂದ ಇಬ್ಬರಿಗೂ ಒಂದ ತಾಟು ಹಚ್ಚೇನಿ. ಆರೀಫ ಹುಳಿ ಹೆಚ್ಚು ತಿಂತಾನಂತ ಇವರು ತಮ್ಮ ಬದಿಯ ಉಪ್ಪಿನಕಾಯಿ ತುಂಡು ಅವನ ಕಡೆ ಸರಿಸ್ತಿದ್ರು. ಆ ಜೀಪು ಗ್ಯಾರೇಜಿಗೆ ಬಂದ ದಿನ ಇವರು, ನನಗ ಬ್ಯಾರೆ ತಾಟಿಗೆ ಹಾಕು ಅಂದ್ರು. ಮರುದಿನಾನೂ ಬ್ಯಾರೆ. ನಾ ಕೇಳಿದ್ರ ಹೊಟ್ಟಿ ಬರೋಬ್ಬರಿಲ್ಲ ಅಂದ್ರು. ಆರೀಫ ತಲಿ ಎತ್ತಲಿಲ್ಲ.”

“ಇದನ್ನ ನನಗ ಇಷ್ಟು ದಿನ ಹೇಳಲಿಲ್ಲ ನೀ.”

“ಹೆಂಗ ಹೇಳ್ಲಿ? ಅವನ್ನ ನಾನ ಉಣಿಸಿ ದೊಡ್ಡಾಂವನ್ನ ಮಾಡೇನಿ.” ಅವಳು ಕಣ್ಣೊರೆಸಿಕೊಂಡಳು. “ಜೀಪು ಯಾರು ಓಡಿಸಿದ್ರು ಅಂತ ನನಗ ಗೊತ್ತಿಲ್ಲ. ಆದ್ರ ಇವರು ಹೊಳಿಗೆ ಬಿದ್ದಿಲ್ಲ. ಠಾಣ್ಯಾಗ ಬಂದು ಹೆಸರು ಹೇಳಾಕೂ ಆಗದ, ಸುಳ್ಳು ಹೇಳಾಕೂ ಆಗದ ಹೋಗ್ಯಾರ. ಮತ್ತ ಆ ಜೀಪಿನ ಮಂದಿ ಸುಮ್ನ ಬಿಡೂ ಪೈಕಿ ಅಲ್ಲ. ಸತ್ತಾರ ಅಂತ ತಿಳದ್ರ ಹುಡುಕೂದಿಲ್ಲ. ಬದುಕ್ಯಾರ ಅಂತ ಆರೀಫನ ಬಾಯಿಂದ ಒಂದು ಮಾತು ಹೊರಗ ಬಿದ್ರ ಸಾಕು.”

ಅವಳ ಬೆರಳು ಗಾಜಿನ ಮೇಲೆ ಹೂವಿನ ಅಂಚನ್ನು ಹಿಂಬಾಲಿಸಿತು.

“ಇಲ್ಲಿ ನೋಡ್ರಿ. ಒಂದು ಬದಿ ಹರದಂಗ ಐತಿ. ಬಾಯಿ ನಟ್ಟನಡುವ ಇಲ್ಲ, ಆ ಕಡೆ ಸರದೈತಿ. ಈ ಜಾತಿ ಬೆಳದ ಮ್ಯಾಲ ತನ್ನನ್ನ ತಾನ ಹರಕೊಂಡು ಎರಡು ಆಗ್ತೈತ್ರಿ. ಎರಡಾಗೇತಿ. ಆದ್ರ ಎರಡನೇದು ತೊಟ್ಟ್ಯಾಗಿಲ್ಲ. ಎಲ್ಲಾ ಕಲ್ಲು ಎತ್ತಿ ನೋಡೇನಿ, ಪಂಪು ಬಿಚ್ಚಿ ನೋಡೇನಿ. ಕಲ್ಲಿಗೆ ಕಚ್ಚಿಕೊಂಡ ಅದರ ಕಾಲು ಚೂರು ಹರದ್ರೂ ಸಾಯ್ತೈತಿ. ಬರ್ಫದ ತುಂಡು ಹಚ್ಚಿ, ಉಗುರಿಲೆ ಮೆಲ್ಲಕ ಎಬ್ಬಿಸಬೇಕು. ಅದು ಇವರಿಗಷ್ಟ ಬರ್ತೈತಿ.”

“ತಗೊಂಡು ಹೋಗ್ಯಾನ.”

“ಹೂಂ. ಎಲ್ಲೋ ಒಂದು ಬಕೀಟಿನ್ಯಾಗ, ಒಂದು ದೀಪದ ಕೆಳಗ ಇಟ್ಕೊಂಡಿರಬೇಕು.” ಅವಳು ನಗಲು ನೋಡಿದಳು. “ಈ ಮನ್ಯಾಗ ನನ್ನ ಸೀರಿ ಇದ್ದುವು. ದಿಂಬು ಇತ್ತು. ಅವರು ತಂದು ಕೊಟ್ಟ ಸುರ್ಮಾ ಇತ್ತು. ಒಂದನ್ನೂ ಮುಟ್ಟಿಲ್ರಿ. ಹೂವಿಗೆ ನೀರು ಹಾಕ್ಯಾರ, ಚಿಲಕಕ್ಕ ಗ್ರೀಸು ಹಚ್ಚ್ಯಾರ, ಅರ್ಧ ಹೂ ಒಯ್ದಾರ. ನನಗ ಒಂದು ಮಾತು ಇಲ್ಲ.”

“ಚಿಲಕ ಕಿರ್ ಅಂತಿದ್ದದ್ದು ನಿನಗ, ತಂಗಿ.”

ಹಬೀಬಾ ಅವರ ಕಡೆ ನೋಡಿದಳು.

“ಮನಿ ಖಾಲಿ ಇತ್ತಂತ ಬಂದ್ರು ಅವರು. ಈಗ ನಾ ಕೂತ್ರ ಮನ್ಯಾಗ ಹಗಲಿಡೀ ಹೆಂಗಸರು. ಹಿತ್ತಲಾಗ ಒಲಿ ಹೂಡ್ತಾರ. ಇನ್ನ ಹೆಂಗ ಬರ್ತಾರ್ರಿ?”

ಬಾಗಿಲು ಬಡಿದ ಸದ್ದಾಯಿತು.

ಸಾಯಿಮಾ ಖಾಲಾ ಮುಂದೆ, ಅವಳ ಹಿಂದೆ ನಾಲ್ಕಾರು ಹೆಂಗಸರು. ಕೈಯಲ್ಲಿ ಮಡಿಸಿದ ಬಿಳಿ ಬಟ್ಟೆ. ಗಂಡಸರು ಅಂಗಳದಲ್ಲೇ ನಿಂತರು. ಮುದುಕಿ ಹಬೀಬಾಳ ಎದುರು ಮೊಣಕಾಲೂರಿ ಕುಳಿತು ಅವಳ ಗದ್ದ ಹಿಡಿದಳು.

“ಬೇಟಿ, ಯಾರ ಜುಲುಮೆನೂ ಇಲ್ಲ. ನಿನ್ನ ಮನಸ್ಸೂ ಒಪ್ಪಿದ್ರ ಅಷ್ಟ ಹೇಳು. ಸುಭಾನಿ ಇಲ್ಲ ಅಂತ ಒಪ್ತೀಯಾ?”

ಹಬೀಬಾ ಕಣ್ಣು ಮುಚ್ಚಿದಳು.

ದ್ರಾಕ್ಷಾಯಣಿ ಕಾಲು ಬದಲಿಸಿದರು. ಒಂದು ಮಾತು ಆಡಿದರೆ ಇದು ಇಲ್ಲೇ ನಿಲ್ಲುತ್ತಿತ್ತು. ಸಾಕ್ಷಿ ಬದುಕಿದ್ದಾನೆ ಎಂದು ಬರೆದು ಮೇಲಿನವರಿಗೆ ಕಳಿಸುವುದು ಅವರ ಕೆಲಸವೂ ಆಗಿತ್ತು. ಬರೆದ ಸುದ್ದಿ ಠಾಣೆಯೊಳಗೇ ಉಳಿಯುತ್ತದೆಂಬ ನಂಬಿಕೆ ಅವರಿಗೆ ಬಹಳ ವರ್ಷಗಳ ಹಿಂದೆಯೇ ಹೋಗಿತ್ತು. ಅವರು ಬಾಯಿ ತೆರೆಯಲಿಲ್ಲ.

“ಒಪ್ತೇನಿ,” ಎಂದಳು ಹಬೀಬಾ. “ನನ್ನ ಗಂಡ ಇಲ್ಲ.”

ಮುದುಕಿ ಅವಳ ಕೈ ಹಿಡಿದು ಹಸಿರು ಬಳೆಗಳನ್ನು ಒಂದೊಂದಾಗಿ ಜಾರಿಸತೊಡಗಿದಳು. ಹೆಂಗಸರಲ್ಲಿ ಯಾರೋ ಬಿಕ್ಕಿದರು. ದ್ರಾಕ್ಷಾಯಣಿ ಟೊಪ್ಪಿಗೆ ಎತ್ತಿಕೊಂಡು ಹೊರಗೆ ಬಂದರು.

ಗಂಡಸರು ಚದುರುತ್ತಿದ್ದರು. ಗೇಟಿನ ಹತ್ತಿರ, ಅವರ ಸ್ಕೂಟಿಗೆ ಒರಗಿ ಆರೀಫ ನಿಂತಿದ್ದ. ಒಳಗಿನ ಅಳು ಅಲ್ಲಿಗೂ ಕೇಳುತ್ತಿತ್ತು.

“ಹೇಳಿದಳೇನ್ರಿ?”

“ಹೇಳಿದಳು.”

“ಆಕಿ ಬಾಯಿಲೆ ಹೇಳೂ ತನಕ ಸುಮ್ನ ಇದ್ದೆ.” ಅವನು ಜುಬ್ಬಾದ ಜೇಬಿಗೆ ಕೈ ಹಾಕಿ ಹೊಳೆಯುವ ಒಂದು ಹೊಸ ಕೀಲಿಕೈ ತೆಗೆದು ಅಂಗೈಯಲ್ಲಿಟ್ಟುಕೊಂಡ. “ಭಾಭಿ ಹಳಿಯಾಳಕ್ಕ ಹೋದ ಮರುದಿನ ನನ್ನ ಕಡಿಂದ ಮನಿ ಕೀಲಿಕೈ ಕಳೀತ್ರಿ. ಕಳ್ಳರ ಕೈಗೆ ಸಿಕ್ಕೀತಂತ ಹಳೇ ಕೀಲಿ ಒಡದು ಹೊಸಾದು ಹಾಕಿದೆ. ಆಕಿಗೆ ಹೇಳಾಕ ಮರತಿದ್ದೆ. ನಿನ್ನಿ ಬಾಗಿಲಾ ತಗದು ಕೊಟ್ಟಾಂವ ನಾನು. ಆಕಿ ಹತ್ರ ಇರೂದು ಹಳೇ ಕೀಲಿಕೈ. ಅದು ಈ ಕೀಲಿಗೆ ಕೂಡಂಗಿಲ್ರಿ.”

ದ್ರಾಕ್ಷಾಯಣಿಯ ಕೈ ಸ್ಕೂಟಿಯ ಹ್ಯಾಂಡಲ್ ಮೇಲೆ ನಿಂತಲ್ಲೇ ನಿಂತಿತು.

ಆರೀಫ ತಲೆ ಎತ್ತಿದ. ಅವನ ಕಣ್ಣುಗಳು ತುಂಬಿ ಬಂದಿದ್ದವು. ಅದು ಸಂತೋಷವೋ, ಹೆದರಿಕೆಯೋ, ಇಷ್ಟು ವರ್ಷ ಮನುಷ್ಯರ ಮುಖ ಓದಿದ ಅವರಿಗೂ ತಿಳಿಯಲಿಲ್ಲ.

“ಭಾಯಿ ಎಲ್ಲಿದ್ದಾನ್ರಿ ಬಾಯಾರ? ನೀವು ಹೇಳ್ತೀರೋ, ನಾನ ಹುಡುಕ್ಲೋ?”